ಪುಟ್ಟಸ್ವಾಮಿ ಬುಟ್ಟ ವಿಮಾನ

ಪುಟ್ಟಸ್ವಾಮಿಗೆ ಇಂಗ್ಲಿಷು ಬರುವುದಿಲ್ಲ ಎಂದು ಯಾರಾದರೂ ಮೂಗು ಮುರಿದರೆ ನನಗೆ ಮೈಯೆಲ್ಲ ಉರಿಯುತ್ತದೆ. ಅವತ್ತಿನ ಎಡವಟ್ಟು ಆದದ್ದು ಇಂಗ್ಲಿಷಿನಿಂದ ಅಲ್ಲ, ನಮ್ಮ ಕನ್ನಡದಿಂದ. ಅದೂ ನಾವು ದಿನಕ್ಕೆ ನೂರು ಸಲ ಆಡುವ ಒಂದು ಮಾತಿನಿಂದ. ಅದನ್ನು ಹೇಳುವ ಮೊದಲು ಆ ಮನುಷ್ಯ ಎಂಥವನು ಅಂತ ಹೇಳಬೇಕು. ಇಲ್ಲದಿದ್ದರೆ ನೀವೂ ಅವನನ್ನು ಬೇಜವಾಬ್ದಾರಿಯವನು ಅಂದುಕೊಂಡುಬಿಡುತ್ತೀರಿ.

ನಾನು ಜಯಲಕ್ಷ್ಮಮ್ಮ, ಕೆ.ಆರ್. ಪೇಟೆಯವಳು. ನಾಗಮಂಗಲದ ಕಡೆ ಹೊಲಗಳ ನಡುವೆ ಒಂದು ವಿಮಾನ ತರಬೇತಿ ಶಾಲೆ ಇದೆ. ಒಂದು ಓಡುದಾರಿ, ಒಂದು ಶೆಡ್ಡು, ನಾಲ್ಕು ಪುಟ್ಟ ವಿಮಾನ. ಅಲ್ಲಿ ಹನ್ನೊಂದು ವರ್ಷದಿಂದ ಸ್ಟೋರು ನೋಡಿಕೊಳ್ಳುತ್ತಿದ್ದೇನೆ. ಬೋಲ್ಟಿನಿಂದ ಹಿಡಿದು ಚಕ್ರದವರೆಗೆ ಎಲ್ಲ ನನ್ನ ಕೈಯಿಂದಲೇ ಹೋಗಬೇಕು. ನನ್ನ ಬಾಯಿ ಜೋರು ಅಂತ ಎಲ್ಲರೂ ಹೇಳುತ್ತಾರೆ. ಜೋರಾಗಿರಬೇಕಾದ ದಿನ ಅದು ಜೋರಾಗಿರಲಿಲ್ಲ, ಅದೇ ನನ್ನ ಸಂಕಟ.

ಪುಟ್ಟಸ್ವಾಮಿ ಪಾಂಡವಪುರದ ಹತ್ತಿರ ನಾಲೆ ಕೆಳಗಿನ ಊರಿನವನು. ಅಪ್ಪ ದ್ಯಾವಯ್ಯ ಊರಿನ ನೀರುಗಂಟಿ. ಯಾರ ಗದ್ದೆಗೆ ಯಾವಾಗ ನೀರು ತಿರುಗಿಸಬೇಕು, ತೂಬು ಎಷ್ಟು ಎತ್ತಬೇಕು ಅಂತ ನೋಡಿಕೊಳ್ಳುತ್ತಿದ್ದವರು. ಮಗ ಬಾಬುರಾಯನಕೊಪ್ಪಲಿನಲ್ಲಿ ನೆಂಟರ ಮನೆಯಲ್ಲಿದ್ದುಕೊಂಡು ಐಟಿಐ ಮುಗಿಸಿದ. ನಮ್ಮಲ್ಲಿಗೆ ಬಂದದ್ದು ವಿಮಾನ ತೊಳೆಯುವ ಕೆಲಸಕ್ಕೆ. ತೊಳೆಯುತ್ತ ತೊಳೆಯುತ್ತ ಒಂದೊಂದು ಮೊಳೆಯ ಗುರುತು ಹಿಡಿದ. ಈಗ ಅವನಿಗೆ ನಲವತ್ತೇಳು. ವಿಮಾನ ಹಾರಬಹುದು ಅಂತ ರುಜು ಹಾಕುವ ಲೈಸನ್ಸು ಇಂಜಿನಿಯರ್ ಶಿವಣ್ಣನವರದು. ರುಜು ಹಾಕುವ ಮೊದಲು ಅವರೂ "ಪುಟ್ಟಸ್ವಾಮಿ, ನೋಡ್ದೇನ್ಲಾ?" ಅಂತ ಕೇಳಿಯೇ ಪೆನ್ನು ತೆಗೆಯುವುದು.

ಹೊಸ ವಿದ್ಯಾರ್ಥಿಗಳು ಬಂದಾಗಲೆಲ್ಲ ಅವರನ್ನು ರೆಕ್ಕೆಯ ಹಿಂದೆ ನಿಲ್ಲಿಸಿಕೊಂಡು ಫ್ಲಾಪಿನ ಪಾಠ ಮಾಡುವುದು ಅವನಿಗೊಂದು ಚಟ. ಯಾರೂ ಹೇಳಿದ್ದಲ್ಲ, ಅದಕ್ಕೆ ಸಂಬಳವೂ ಇಲ್ಲ. ರೆಕ್ಕೆಯ ಹಿಂಬದಿಯಲ್ಲಿ ಬುಡಕ್ಕೆ ಹತ್ತಿರವಾಗಿ ಕೆಳಕ್ಕೆ ಬಾಗುವ ಒಂದು ತುಂಡು ಇರುತ್ತದೆ. ಅದೇ ಫ್ಲಾಪು. ಪುಟ್ಟಸ್ವಾಮಿ ಅದರ ಮೇಲೆ ಕೈ ಇಟ್ಟು ಶುರು ಮಾಡುತ್ತಾನೆ.

"ನಮ್ಮಪ್ಪ ಕಾಲ್ವೇಗೆ ಅಡ್ಡವಾಗಿ ಮರದ ಅಲಗೆ ಇಳಿಸೋರು. ಅಲಗೆ ಇಳಿಸಿದ್ರೆ ನೀರು ಏರ್ತದೆ. ಏರಿ, ಎತ್ತರದಲ್ಲಿರೋ ಗದ್ದೆಗೂ ಓಯ್ತದೆ. ಆದ್ರೆ ನೀರಿನ ಓಟ ಕಮ್ಮಿ ಆಯ್ತದೆ. ಇದೂ ಅಂಗೇ ಕಣ್ರಪ್ಪ. ಇದ ಇಳಿಸಿದ್ರೆ ಇಮಾನ ಏರ್ತದೆ, ಓಟ ಕಮ್ಮಿ ಆಯ್ತದೆ."

ಅರ್ಥವಾಗದೆ ಮುಖ ಮುಖ ನೋಡಿಕೊಂಡರೆ, "ಬಸ್ಸಲ್ಲಿ ಕೂತಾಗ ಕಿಟಕಿಯಿಂದಾಚೆಗೆ ಕೈ ಚಾಚಿಲ್ವಾ? ಅಂಗೈ ನೆಟ್ಟಗಿದ್ರೆ ಸುಮ್ಕೆ ತೇಲ್ತದೆ. ಬೆರಳು ವಸಿ ಕೆಳಕ್ಕೆ ಬಗ್ಗಿಸು, ಗಾಳಿ ಕೈಯ ಮ್ಯಾಲಕ್ಕೂ ಎತ್ತುತ್ತದೆ, ಇಂದಕ್ಕೂ ತಳ್ಳುತ್ತದೆ" ಅನ್ನುತ್ತಾನೆ. ವಿಷಯ ಇಷ್ಟೇ. ಫ್ಲಾಪು ಇಳಿದರೆ ರೆಕ್ಕೆಯ ಡೊಂಕು ಹೆಚ್ಚಾಗುತ್ತದೆ, ಅದು ಗಾಳಿಯನ್ನು ಇನ್ನಷ್ಟು ಜೋರಾಗಿ ಕೆಳಕ್ಕೆ ನೂಕುತ್ತದೆ, ವಿಮಾನ ನಿಧಾನವಾಗಿ ಹೋಗುವಾಗಲೂ ಬೀಳದೆ ನಿಲ್ಲುತ್ತದೆ. ಜೊತೆಗೆ ಅದೇ ಫ್ಲಾಪು ಗಾಳಿಗೆ ಅಡ್ಡ ನಿಂತು ವೇಗವನ್ನೂ ತಡೆಯುತ್ತದೆ. ಇಳಿಯುವವರಿಗೆ ಎರಡೂ ಬೇಕು.

ಪಾಠದ ಕೊನೆಗೆ ಅವನ ಮುಖ ಗಟ್ಟಿಯಾಗುತ್ತದೆ. "ಇಳಿಸೋದು ಎಂಗಾದ್ರೂ ಇಳಿಸ್ಕಳಿ. ನೆಲದತ್ರ ಇರೋವಾಗ ಎತ್ತೋದು ಮಾತ್ರ ಮೆಟ್ಲು ಮೆಟ್ಲಾಗಿ. ಅಲಗೆ ಒಂದೇ ಸಲಕ್ಕೆ ಕಿತ್ರೆ ನೀರು ದಬಕ್ ಅಂತ ಇಳ್ದೋಯ್ತದೆ. ಗದ್ದೆ ಒಣಗಿದ್ರೆ ನಾಳೆ ನೀರು ಬುಟ್ಕಬೋದು. ಇಮಾನ ದಬಕ್ ಅಂದ್ರೆ ನಾಳೆ ಇಲ್ಲ."

ಇಂಥವನು ಅವನು. ಇನ್ನು ಅವತ್ತಿನದು.

ಬೆಳಿಗ್ಗೆ ಎರಡನೇ ನಂಬರಿನ ವಿಮಾನವನ್ನು ಪರೀಕ್ಷೆ ಮಾಡುತ್ತಿದ್ದವನು ನನ್ನ ಸ್ಟೋರಿನ ಬಾಗಿಲಿಗೆ ಬಂದ. ಫ್ಲಾಪನ್ನು ಮೇಲೆ ಕೆಳಗೆ ಮಾಡುವುದು ಒಂದು ಸಣ್ಣ ಮೋಟಾರು. ಅದು ತಡೆಯುತ್ತಿದೆ ಅಂದ.

"ಇಳಿಯೋದು ಸುಮಾರಾಗಿ ಇಳೀತದೆ ಜಯಕ್ಕ. ಎತ್ತೋವಾಗ ಎರಡು ಎಣಿಸೋಗಂಟ ತಡ್ಕತದೆ. ಆಮೇಲೆ ಜಗ್ ಅಂತ ಎದ್ಬತ್ತದೆ."

"ಶಿವಣ್ಣನವರಿಗೆ ಫೋನು ಮಾಡು" ಅಂದೆ. ಶಿವಣ್ಣ ಆವತ್ತು ರಜೆ. ಗೋವಿಂದನಹಳ್ಳಿಯಲ್ಲಿ ನಾದಿನಿಯ ಮನೆಯ ಗೃಹಪ್ರವೇಶಕ್ಕೆ ಹೋಗಿದ್ದರು. ಪುಟ್ಟಸ್ವಾಮಿಯ ಕೈತುಂಬ ಗ್ರೀಸು. ನಾನೇ ನನ್ನ ಫೋನಿನಿಂದ ಮಾಡಿ ಸ್ಪೀಕರಿಗೆ ಹಾಕಿದೆ. ಆ ಕಡೆ ಓಲಗದ ಸದ್ದು, ಪಾತ್ರೆಗಳ ಸದ್ದು, ಜನರ ಗಲಾಟೆ. ಇವನು ಕೂಗಿ ಕೂಗಿ ಹೇಳಿದ. ಶಿವಣ್ಣ ಪೂರ್ತಿ ಕೇಳಿಸಿಕೊಂಡರು. ಆಮೇಲೆ ಅಂದರು:

"ಇವತ್ತು ಅದ ಬುಡು ಪುಟ್ಟಸ್ವಾಮಿ. ನಾಳೆ ಬಂದು ನಾನೇ ನೋಡ್ತೀನಿ."

ಫೋನು ಇಟ್ಟರು.

ನಮ್ಮ ಶೆಡ್ಡಿನಲ್ಲಿ 'ಬುಡು' ಅಂದರೆ ಹಾರಲು ಬಿಡು ಅಂತ. "ಇವತ್ತು ಯಾವ್ಯಾವ್ದ ಬುಟ್ರಿ?" ಅಂತಲೇ ದಿನವೂ ಕೇಳುವುದು. ಮನೆಯಲ್ಲಿ 'ಅದ ಬುಡು' ಅಂದರೆ ಅದರ ಸುದ್ದಿಗೆ ಹೋಗಬೇಡ, ಪಕ್ಕಕ್ಕಿಡು ಅಂತ. ಮಾತು ಒಂದೇ, ಉಚ್ಚಾರವೂ ಒಂದೇ. ಶಿವಣ್ಣ ಆಗ ಇದ್ದದ್ದು ನೆಂಟರ ಮನೆಯಲ್ಲಿ, ನಾವಿದ್ದದ್ದು ಶೆಡ್ಡಿನಲ್ಲಿ.

ಪುಟ್ಟಸ್ವಾಮಿ ಹುಬ್ಬು ಗಂಟು ಹಾಕಿಕೊಂಡು ನಿಂತ. "ಬುಡು ಅಂದ್ರಲ್ಲ ಜಯಕ್ಕ?"

"ಬುಡು ಅಂದ್ರು, ನಾಳೆ ನೋಡ್ತಾರಂತೆ" ಅಂದೆ.

"ಅವರಿಗೆ ಗೊತ್ತಿರ್ತದೆ ಬುಡಿ" ಅಂದ. ಇನ್ನೊಂದು ಸಲ ಫೋನು ಮಾಡೋಣ ಅಂತ ಅವನಿಗೂ ಅನ್ನಿಸಿತು, ನನಗೂ ಅನ್ನಿಸಿತು. ಸಮಾರಂಭದ ಮನೆಗೆ ಮೇಲಿಂದ ಮೇಲೆ ಫೋನು ಮಾಡುವುದೇನು ಅಂತ ಇಬ್ಬರೂ ಸುಮ್ಮನಾದೆವು. ಅವನು ಹೋಗಿ ವಿಮಾನವನ್ನು ಹೊರಕ್ಕೆ ತಳ್ಳಿಸಿದ.

ಅದನ್ನು ಹತ್ತಿದವಳು ಪ್ರಿಯಾಂಕ. ಬೂಕನಕೆರೆಯ ಹುಡುಗಿ, ಇಪ್ಪತ್ತು ವರ್ಷ. ಅಪ್ಪ ಬೋರಯ್ಯ ಡೈರಿಗೆ ಹಾಲು ಹಾಕುವವರು. ಹಾರುವುದು ಕಲಿಸುವ ಕ್ಯಾಪ್ಟನ್ ಹೊರರಾಜ್ಯದವರು, ಅವರ ಹತ್ತಿರ ಅವಳದು ಇಂಗ್ಲಿಷು, ನಮ್ಮ ಹತ್ತಿರ ನಮ್ಮ ಮಾತು. ಒಬ್ಬಳೇ ಹಾರುವುದು ಅವಳಿಗೆ ಅದು ಎರಡನೇ ಸಲ. ಮೂರು ಸುತ್ತು ಹಾಕಬೇಕು. ಪ್ರತಿ ಸುತ್ತಿನಲ್ಲೂ ಇಳಿದು, ಚಕ್ರ ನೆಲಕ್ಕೆ ಮುಟ್ಟಿಸಿ, ಓಡುತ್ತಲೇ ಫ್ಲಾಪು ಎತ್ತಿಕೊಂಡು ಮತ್ತೆ ಏರಬೇಕು.

ಮೊದಲೆರಡು ಸುತ್ತು ಚೆನ್ನಾಗಿಯೇ ಆಯಿತು. ಪುಟ್ಟಸ್ವಾಮಿ ಶೆಡ್ಡಿನ ಬಾಗಿಲಲ್ಲಿ ನಿಂತು ಎರಡನ್ನೂ ನೋಡಿದ. ಆ ಹೊತ್ತಿಗೆ ನನ್ನ ಫೋನು ಬಡಿದುಕೊಂಡಿತು. ಶಿವಣ್ಣ.

"ಪುಟ್ಟಸ್ವಾಮಿ ಫೋನ್ ಎತ್ತಾ ಇಲ್ವಲ್ಲಮ್ಮ. ಆ ಎರಡನೇ ನಂಬರಿನ ಬ್ಯಾಟ್ರಿ ವೈರು ಬಿಚ್ಚಿಡೋಕೆ ಯೋಳು ಅವನ್ಗೆ. ಯಾರಾದ್ರೂ ಗೊತ್ತಿಲ್ದೆ ತಕಂಡೋದಾರು."

ಫೋನನ್ನು ಸ್ಪೀಕರಿಗೆ ಹಾಕಿ ಪುಟ್ಟಸ್ವಾಮಿಯ ಮುಂದೆ ಹಿಡಿದೆ.

"ಸಾ, ನೀವೇ ಬುಡು ಅಂದ್ರಲ್ಲ."

"ಊಂ, ಬುಡು ಅಂದೆ!"

"ಅದ್ಕೇ ಬುಟ್ಟೆ. ಮ್ಯಾಲದೆ ಸಾ. ಬೋರಯ್ಯನ ಮಗಳು ಒಬ್ಳೇ ಅವ್ಳೆ."

"ಅಯ್ಯೋ ನಿನ್ನ! ಬುಡು ಅಂದ್ರೆ ಬುಡು ಅಂತ ಕಣ್ಲಾ!" ಎಂದು ಶಿವಣ್ಣ ಕೂಗಿದರು. ಪುಟ್ಟಸ್ವಾಮಿ ಅಷ್ಟರಲ್ಲಿ ಓಡುತ್ತಿದ್ದ. ನಾನೂ ಸೆರಗು ಸಿಕ್ಕಿಸಿಕೊಂಡು ಹಿಂದೆಯೇ ಓಡಿದೆ. ವೈರ್‌ಲೆಸ್ ಕೋಣೆ ಶೆಡ್ಡಿನಿಂದ ಇನ್ನೂರು ಹೆಜ್ಜೆ. ದೇವರೇ, ಆ ಹುಡುಗಿಯನ್ನು ಕೆಳಗಿಳಿಸಪ್ಪ ಅನ್ನುವುದು ಬಿಟ್ಟು ನನ್ನ ತಲೆಯಲ್ಲಿ ಬೇರೇನೂ ಇರಲಿಲ್ಲ.

ಕ್ಯಾಪ್ಟನ್ ಕಿಟಕಿಯ ಬಳಿ ಮೈಕು ಹಿಡಿದು ನಿಂತಿದ್ದರು. ಪುಟ್ಟಸ್ವಾಮಿ ಏದುಸಿರು ಬಿಡುತ್ತ ಹರಕು ಇಂಗ್ಲಿಷಿನಲ್ಲೂ ಕೈಸನ್ನೆಯಲ್ಲೂ ಹೇಳಿದ. ಅವರಿಗೆ ತಕ್ಷಣ ಅರ್ಥವಾಯಿತು. ಬೈಯಲಿಲ್ಲ, ಬೈಯುವುದಕ್ಕೆ ಪುರುಸೊತ್ತೂ ಇರಲಿಲ್ಲ. ಪ್ರಿಯಾಂಕ ಆಗಲೇ ಪೂರ್ತಿ ಫ್ಲಾಪು ಇಳಿಸಿಕೊಂಡು ಓಡುದಾರಿಗೆ ನೇರವಾಗಿ ಬರುತ್ತಿದ್ದಳು. ಫ್ಲಾಪು ಇಳಿದಿದೆ, ಒಳ್ಳೆಯದೇ ಆಯಿತು, ಈಗ ಎತ್ತುವ ಪ್ರಸಂಗವೇ ಬರಬಾರದು. ಈ ಸಲ ಇಳಿದು ನಿಲ್ಲಿಸಿಬಿಡು ಅಂತ ಕ್ಯಾಪ್ಟನ್ ಹೇಳಿದರು. ಆಗಲಿ ಸರ್ ಅಂತ ಅವಳ ದನಿ ಬಂತು. ಪುಟ್ಟಸ್ವಾಮಿ ಗೋಡೆಗೆ ಒರಗಿಕೊಂಡ.

ಆಗ ಬಂದವು ನವಿಲುಗಳು. ನಮ್ಮ ಕಡೆ ಅವುಗಳ ಕಾಟ ಹೇಳತೀರದು. ರಾಗಿ ಹೊಲದಿಂದ ಐದೋ ಆರೋ ಹೊರಬಂದು, ತಮ್ಮಪ್ಪನ ಮನೆಯ ಅಂಗಳ ಅನ್ನುವ ಹಾಗೆ ಓಡುದಾರಿಯ ಮಧ್ಯೆ ನಡೆದವು. ವಿಮಾನ ಒಂದು ತೆಂಗಿನ ಮರದಷ್ಟು ಎತ್ತರಕ್ಕೆ ಇಳಿದಿತ್ತು. ಅವಳಿಗೆ ಏನು ಕಲಿಸಿದ್ದರೋ ಅದನ್ನೇ ಮಾಡಿದಳು. ಇಂಜಿನ್ನಿಗೆ ಪೂರ್ತಿ ಜೋರು ಕೊಟ್ಟು ಇಳಿಯುವುದು ಬಿಟ್ಟು ಏರಹೊರಟಳು.

ಪೂರ್ತಿ ಫ್ಲಾಪು ಇಳಿದಿರುವಾಗ ಏರುವುದು ಬಹಳ ಕಷ್ಟ. ಫ್ಲಾಪು ಗಾಳಿಗೆ ಅಡ್ಡ ನಿಂತಿರುತ್ತದೆ, ಇಂಜಿನ್ನಿನ ಶಕ್ತಿಯೆಲ್ಲ ಅದನ್ನು ಎಳೆಯುವುದಕ್ಕೇ ಹೋಗುತ್ತದೆ. ಬಿಸಿಲು ಬೇರೆ ನೆತ್ತಿಗೇರಿತ್ತು, ಬಿಸಿಗಾಳಿಯಲ್ಲಿ ಏರುವುದು ಇನ್ನೂ ಕಷ್ಟ. ವಿಮಾನ ಏರಲೂ ಇಲ್ಲ, ಇಳಿಯಲೂ ಇಲ್ಲ, ಮೂತಿ ಎತ್ತಿಕೊಂಡು ತೇಕುತ್ತ ನಮ್ಮ ಮುಂದೆಯೇ ಹೋಯಿತು. ಎದುರಿಗೆ, ಬೇಲಿಯಾಚೆ ತೆಂಗಿನ ತೋಟ.

"ಫ್ಲಾಪ್ಸ್ ಬರ್ತಾ ಇಲ್ಲ ಸರ್!" ಇಂಗ್ಲಿಷಿನಲ್ಲಿ ಶುರುವಾದ ಅವಳ ಮಾತು ಕನ್ನಡದಲ್ಲಿ ಮುಗಿಯಿತು. "ಲಿವರ್ರು ಮ್ಯಾಲಕ್ಕೆ ಮಾಡಿದ್ದೀನಿ, ಬರ್ತಾ ಇಲ್ಲ!"

ಪುಟ್ಟಸ್ವಾಮಿ ಕ್ಯಾಪ್ಟನ್ನರ ತೋಳನ್ನೇ ಹಿಡಿದುಕೊಂಡ. "ಸಾ, ಲಿವರ್ ಮ್ಯಾಲಿದ್ರೆ ಫ್ಲಾಪು ಯಾವಾಗ ಬೇಕಾದ್ರೂ ಜಗ್ ಅಂತ ಎದ್ಬತ್ತದೆ! ಪೂರ್ತಿ! ಒಂದೇ ಸಲ!" ತನ್ನ ಅಂಗೈಯನ್ನು ಗಾಳಿಯಲ್ಲಿ ಹಿಡಿದು, ಬಗ್ಗಿದ್ದ ಬೆರಳನ್ನು ತಟ್ಟನೆ ನೆಟ್ಟಗೆ ಮಾಡಿ, ಕೈಯನ್ನು ಕೆಳಕ್ಕೆ ಬೀಳಿಸಿ ತೋರಿಸಿದ. ಕ್ಯಾಪ್ಟನ್ನರ ಮುಖದಲ್ಲಿ ರಕ್ತವಿರಲಿಲ್ಲ. ಅಷ್ಟು ನಿಧಾನದಲ್ಲಿ, ಅಷ್ಟು ಕೆಳಗೆ, ರೆಕ್ಕೆಯನ್ನು ಹೊತ್ತಿರುವುದೇ ಆ ಫ್ಲಾಪು. ಅದು ಒಮ್ಮೆಲೇ ಎದ್ದುಬಿಟ್ಟರೆ ವಿಮಾನ ಕಲ್ಲು ಬಿದ್ದ ಹಾಗೆ ತೋಟಕ್ಕೆ ಬೀಳುತ್ತದೆ.

ಕ್ಯಾಪ್ಟನ್ ಇಂಗ್ಲಿಷಿನಲ್ಲಿ ಎರಡು ಸಲ ಹೇಳಿದರು. ಲಿವರ್ ಕೆಳಗೆ ಮಾಡು, ಆಮೇಲೆ ಮುಟ್ಟಬೇಡ ಅಂತ. ಅವಳ ತಲೆಗೆ ಹೋಗಲಿಲ್ಲ. "ಏನು ಸರ್? ಏನು?" ಅಂತಲೇ ಕೂಗುತ್ತಿದ್ದಳು. ಅವರು ಮೈಕನ್ನು ಪುಟ್ಟಸ್ವಾಮಿಯ ಕೈಗೆ ತುರುಕಿದರು. "ಕನ್ನಡ! ಬೇಗ!"

ಅವನು ಇಪ್ಪತ್ತು ವರ್ಷದಲ್ಲಿ ಆ ಮೈಕು ಮುಟ್ಟಿದವನಲ್ಲ.

"ಪ್ರಿಯಾಂಕವ್ವ, ನಾನು ಪುಟ್ಟಸ್ವಾಮಿ ಕಣವ್ವ. ಆ ಫ್ಲಾಪ ಬು..."

ಅಲ್ಲಿಗೇ ನಿಂತ. ಅವನ ಗಂಟಲಿಗೆ ಬಂದಿದ್ದು ಅದೇ ಮಾತು. ನಮ್ಮವರು ಯಾರಾದರೂ ಅದನ್ನೇ ಆಡುತ್ತಿದ್ದರು. ಆ ಫ್ಲಾಪ ಬುಡು. ಅವಳು ಏನಂತ ತಿಳಿಯುತ್ತಿದ್ದಳೋ! ಕೆಳಕ್ಕೆ ಇಳಿಬಿಡು ಅಂತಲೋ, ಈಗ ಹೇಗಿದೆಯೋ ಹಾಗೇ ಲಿವರನ್ನು ಮೇಲೆಯೇ ಬಿಡು ಅಂತಲೋ. ಹೇಳಯ್ಯ ಮಾರಾಯ, ಹೇಳು ಅಂತ ನಾನು ಅವನ ಬೆನ್ನಿಗೆ ಗುದ್ದಿದೆ. ತೋಟ ಹತ್ತಿರ ಬರುತ್ತಿತ್ತು.

"ಲಿವರ್ರ ಕೆಳಕ್ಕೆ ತಳ್ಳವ್ವ" ಅಂದ. "ಪೂರ್ತಿ ಕೆಳಕ್ಕೆ. ತಳ್ದ್ಯಾ?"

"ತಳ್ದೆ ಅಣ್ಣ!"

"ಈಗ ಕೈಯ ಅಲ್ಲಿಂದ ತಕ್ಕೊ. ಇನ್ನು ಅದ ಮುಟ್ಟಬ್ಯಾಡ. ಏನೇ ಆಗ್ಲಿ, ಮುಟ್ಟಬ್ಯಾಡ."

ಕ್ಯಾಪ್ಟನ್ ಅವನ ಕಿವಿಯಲ್ಲಿ ಹೇಳಿದರು, ಅವನು ಅದನ್ನು ನಮ್ಮ ಮಾತಿಗೆ ತಿರುಗಿಸಿದ. "ಮೂತಿಯ ವಸಿ ಇಳಿಸವ್ವ."

"ಮರ ಅವೆ ಅಣ್ಣ, ಎದುರಿಗೇ ಅವೆ!"

"ಅವೆ, ನಂಗೂ ಕಾಣ್ತಾವೆ. ಮೂತಿ ಎತ್ತಿದ್ರೆ ಓಟ ಸಾಯ್ತದೆ, ಓಟ ಸತ್ರೆ ಮರ ದಾಟಕಾಗಲ್ಲ. ವಸಿ ಇಳಿಸು. ನಾ ಯೋಳ್ದಷ್ಟೇ. ಊಂ, ಅಷ್ಟೇ. ಬಲಗಡೆ ಕೆರೆ ಕಾಣ್ತದಾ? ಆ ಕಡೀಕೆ ನಿಧಾನಕ್ಕೆ ತಿರುಗ್ಸು."

ವಿಮಾನ ಇನ್ನಷ್ಟು ಕೆಳಗಿಳಿಯಿತು. ನಾನು ಕಣ್ಣು ಮುಚ್ಚಿಕೊಂಡೆ. ಕಣ್ಣು ಬಿಟ್ಟಾಗ ಅದು ತೋಟದ ಮೂಲೆಯ ಕಡೆಯ ಮರದ ಗರಿ ಸವರಿದ ಹಾಗೆ ಸಾಗಿ ಕೆರೆಯ ಮೇಲಿತ್ತು. ಕೆರೆಯ ಮೇಲೆ ಮರವಿಲ್ಲ. ವೇಗ ಸಿಕ್ಕಿತು. ಅಂಗುಲ ಅಂಗುಲವಾಗಿ ಏರಿತು.

ನನಗೆ ಅಲ್ಲಿ ನಿಲ್ಲಲಾಗಲಿಲ್ಲ. ಮತ್ತೆ ಓಡುದಾರಿಗೆ ಬರುತ್ತಾಳಲ್ಲ, ಆ ದರಿದ್ರದ ನವಿಲುಗಳು! ಹೊರಗೆ ಓಡಿದೆ. ಬರಿಗಾಲಲ್ಲಿ, ಒಂದು ತಗಡಿನ ಡಬ್ಬಿ ಬಡಿಯುತ್ತ, ಬಾಯಿಗೆ ಬಂದ ಹಾಗೆ ಬೈಯುತ್ತ ಆ ಐದಾರು ನವಿಲನ್ನು ಬೇಲಿಯಾಚೆಗೆ ಅಟ್ಟಿದೆ. ತಿರುಗಿ ನೋಡುವಷ್ಟರಲ್ಲಿ ವಿಮಾನ ದೊಡ್ಡ ಸುತ್ತು ಹಾಕಿ ಓಡುದಾರಿಯ ಆ ತುದಿಗೆ ಬಂದಿತ್ತು. ಪೂರ್ತಿ ಫ್ಲಾಪು ಇಳಿದೇ ಇತ್ತು. ಚಕ್ರ ನೆಲ ಮುಟ್ಟಿತು, ಒಂದು ಸಲ ಕುಪ್ಪಳಿಸಿತು, ಮತ್ತೆ ಮುಟ್ಟಿತು, ಓಡಿ ನಿಂತಿತು. ನಾನು ಅಲ್ಲೇ ನೆಲದ ಮೇಲೆ ಕೂತು ಅತ್ತೆ.

ಪ್ರಿಯಾಂಕ ಇಳಿದಾಗ ಎಲ್ಲರೂ ಸುತ್ತ ಸೇರಿದ್ದರು, ಯಾರೋ ಚಪ್ಪಾಳೆ ತಟ್ಟಿದರು. ಅವಳು ಯಾರನ್ನೂ ನೋಡದೆ ಪುಟ್ಟಸ್ವಾಮಿಯ ಹತ್ತಿರ ಬಂದು ಅವನ ಕಾಲಿಗೆ ಬಗ್ಗಿದಳು. ಅವನು ಕಾಲನ್ನು ಹಿಂದಕ್ಕೆಳೆದುಕೊಂಡ.

"ಬ್ಯಾಡ ಕಣವ್ವ. ನಿನ್ನ ಅದ್ರಲ್ಲಿ ಕಳಿಸಿದ್ದೇ ನಾನು. ಬೆಳಿಗ್ಗೇನೆ ಗೊತ್ತಿತ್ತು ಮೋಟ್ರು ತಡೀತದೆ ಅಂತ."

ಚಪ್ಪಾಳೆ ನಿಂತಿತು. ಅವಳು ಬಗ್ಗಿದಲ್ಲಿಂದಲೇ ಮುಖ ಎತ್ತಿ ನೋಡಿದಳು. ಆಮೇಲೆ ನೆಟ್ಟಗೆ ನಿಂತಳು.

"ಮ್ಯಾಲಿದ್ದಾಗ ಯಾಕೆ ಯೋಳ್ಲಿಲ್ಲ ನೀವು?"

"ಯೋಳಿದ್ರೆ ನನ್ನ ಮಾತ ಕೇಳ್ತಿದ್ಯಾ ಮಗ?"

ಅವಳು ನಲ್ಲಿಯ ಹತ್ತಿರ ಹೋಗಿ ಮುಖ ತೊಳೆದುಕೊಂಡಳು, ಬಹಳ ಹೊತ್ತು ತೊಳೆದುಕೊಂಡಳು.

ನಡೆದದ್ದನ್ನು ಬರೆದುಕೊಡಿ ಅಂದರು ಕ್ಯಾಪ್ಟನ್. ವಿಮಾನಕ್ಕೆ ಹಗ್ಗ ಕಟ್ಟಿ, ವಿಚಾರಣೆ ಆಗುವವರೆಗೂ ಯಾರೂ ಮುಟ್ಟುವಂತಿಲ್ಲ ಅಂದರು. ಪುಟ್ಟಸ್ವಾಮಿ ನನ್ನ ಸ್ಟೋರಿನ ಮುಂದಿನ ಮೆಟ್ಟಿಲಲ್ಲಿ ಕುಳಿತ. ಪೆನ್ನನ್ನು ನನ್ನ ಕಡೆ ಚಾಚಿದ.

"ನೀವೇ ಬರೀರಿ ಜಯಕ್ಕ. ಮೋಟ್ರು ತಡೀತಿದ್ದುದು ಗೊತ್ತಿದ್ದೂ ಬುಟ್ಟೆ ಅಂತ ಬರೀರಿ."

ನನಗೆ ಸಿಟ್ಟು ಬಂತು. "ಶಿವಣ್ಣ ಬುಡು ಅಂದದ್ದನ್ನು ಬರೆಯಬೇಡವೇನಯ್ಯ? ಆ ಮಾತಿಗೆ ಎರಡರ್ಥ ಅಂತ ಯಾರಿಗೆ ಗೊತ್ತಿಲ್ಲ? ಮನೆ ಹಾಳಾಗುತ್ತೆ ನಿಂದು!"

"ಮಾತಿಗೆ ಎರಡರ್ಥ ಇತ್ತು ಅಕ್ಕ. ಮೋಟ್ರಿಗೆ ಒಂದೇ ಇತ್ತು. ಅದು ನಂಗೇ ಯೋಳಿತ್ತು, ನನ್ನ ಕೈಗೇ ಯೋಳಿತ್ತು. ಇನ್ನೊಂದ್ ಸಲ ಫೋನ್ ಮಾಡಿ ಕೇಳ್ಬೋದಿತ್ತು. ಕೇಳ್ನಿಲ್ಲ."

ಅವನು ಹೇಳಿದ್ದನ್ನು ಹೇಳಿದ ಹಾಗೆಯೇ ಬರೆದೆ. ಅದರ ಕೆಳಗೆ ನನ್ನ ಕಡೆಯಿಂದ ಎರಡು ಸಾಲು ಸೇರಿಸಿದೆ: ಫೋನು ಸ್ಪೀಕರಿನಲ್ಲಿತ್ತು. ನಾನೂ ಕೇಳಿಸಿಕೊಂಡೆ, ನಾನೂ ಸುಮ್ಮನಿದ್ದೆ. ರುಜು ಹಾಕುವಾಗ ಅವನು ಕಣ್ಣಲ್ಲೇ ಬೇಡ ಅಂದ. ನನ್ನ ಬಾಯಿ ಸುಮ್ಮನಿದ್ದದ್ದು ಒಂದು ಸಲ ಸಾಕು ಅಂತ ಹಾಕಿಯೇಬಿಟ್ಟೆ.

ತಲೆ ಎತ್ತಿದರೆ ಪ್ರಿಯಾಂಕ ನಿಂತಿದ್ದಳು. ಎಷ್ಟು ಹೊತ್ತಿನಿಂದ ನಿಂತಿದ್ದಳೋ. ಕಾಗದ ತೆಗೆದುಕೊಂಡು ಪೂರ್ತಿ ಓದಿದಳು, ವಾಪಸು ಕೊಟ್ಟಳು. ಮುಖದಲ್ಲಿ ಕ್ಷಮೆ ಇರಲಿಲ್ಲ, ಇದೆ ಅಂತ ಸುಳ್ಳು ಹೇಳಲಾರೆ.

"ಆ ಮೋಟ್ರ ಬಿಚ್ಚೋವಾಗ ನನ್ನ ಕರೀರಿ" ಅಂದಳು ಅವನಿಗೆ. "ಯಾಕೆ ತಡೀತು ಅಂತ ನಾನು ನೋಡ್ಬೇಕು."

"ನಾಳೆಯಿಂದ ನಾನಿಲ್ಲಿ ಇರ್ತೀನೋ ಇಲ್ವೋ ಕಣವ್ವ."

ಅವಳು ಅವನ ಎದುರಿಗೆ, ಕೆಳಗಿನ ಮೆಟ್ಟಿಲ ಮೇಲೆ ಕುಳಿತುಕೊಂಡಳು.

"ಅಂಗಾದ್ರೆ ಇವತ್ತೇ ಯೋಳ್ಕೊಡಿ."

ಪುಟ್ಟಸ್ವಾಮಿ ನನ್ನ ಕಡೆ ನೋಡಿದ. ಮೆಟ್ಟಿಲ ಮೇಲೆ ಆ ಮೋಟಾರು ಬರೆದು ತೋರಿಸಲಿ ಅಂತ ನಾನು ಒಳಗೆ ಹೋಗಿ ಸೀಮೆಸುಣ್ಣ ತಂದುಕೊಟ್ಟೆ.